ಮಜ್ಜಿಗೆ ಗಡಿಗೆಯ ಮೇಲಿನ ಕಲ್ಲು

ನಮ್ಮ ಅಡುಗೆಮನೆಯಲ್ಲಿ ಮಜ್ಜಿಗೆ ಗಡಿಗೆಯ ಮುಚ್ಚಳದ ಮೇಲೆ ಒಂದು ಕರಿ ಕಲ್ಲು ಇರುತ್ತಿತ್ತು. ಬೆಕ್ಕಿನ ಸಲುವಾಗಿ ಇಟ್ಟದ್ದು. ಗಾತ್ರ ಸುಲಿದ ತೆಂಗಿನಕಾಯಿಯಷ್ಟು, ಆದರೆ ಎತ್ತಲು ಹೋದರೆ ಕಣ್ಣಳತೆಯ ಅಂದಾಜಿಗಿಂತ ಬಹಳ ಭಾರ. ಹೊಸದಾಗಿ ಬಂದ ನೆಂಟರು ಯಾರಾದರೂ ಅದನ್ನು ಒಂದೇ ಕೈಯಲ್ಲಿ ಎತ್ತಲು ಹೋಗಿ, ಮಣಿಕಟ್ಟು ಕೆಳಗೆ ಜಗ್ಗಿ, ಗಾಬರಿಯಿಂದ ಇನ್ನೊಂದು ಕೈ ಹಚ್ಚುವುದನ್ನು ನೋಡಲಿಕ್ಕೆಂದೇ ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ಅದರ ಮೈತುಂಬ ಹೆಬ್ಬೆರಳು ಒತ್ತಿದಂಥ ತಗ್ಗುಗಳಿದ್ದವು, ಯಾರೋ ಹಸಿ ಹಿಟ್ಟಿನ ಮುದ್ದೆಯನ್ನು ಒತ್ತಿ ಒತ್ತಿ ಬಿಟ್ಟ ಹಾಗೆ. ಒಂದು ಮೂಲೆ ಒಡೆದಿತ್ತು. ನಾನು ಹುಟ್ಟುವ ಮೊದಲೇ ಅವ್ವನ ಕೈಯಿಂದ ಜಾರಿ ಹೊಸ್ತಿಲಿಗೆ ಬಡಿದದ್ದಂತೆ. ಅಲ್ಲಿ ನೋಡಿದರೆ ಕರಿ ಬಣ್ಣ ಬರೀ ಮೇಲಿನದು, ಉಗುರಿನಷ್ಟೂ ದಪ್ಪವಿಲ್ಲದ ಸಿಪ್ಪೆ ಎಂದು ತಿಳಿಯುತ್ತಿತ್ತು. ಒಳಗೆಲ್ಲ ಬೂದು ಬಣ್ಣ, ನಡುನಡುವೆ ಸೂಜಿಮೊನೆಯಂಥ ಮಿಂಚು. ಈ ಸಿಪ್ಪೆ, ಈ ಒಳಗು, ಎರಡನ್ನೂ ನಾನು ದಿನಾ ನೋಡುತ್ತಿದ್ದೆ, ಬೆರಳಿನಿಂದ ಸವರುತ್ತಿದ್ದೆ. ಆದರೂ ಅದು ಏನು ಹೇಳುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಅದನ್ನು ನೆನೆದಾಗಲೆಲ್ಲ, ಅರವತ್ತರ ಹೊಸ್ತಿಲಿಗೆ ಬಂದಿರುವ ಈಗಲೂ, ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮನೆಯಲ್ಲಿ ಒಂದು ಕಲ್ಲಿತ್ತು ಎಂಬುದನ್ನು ಇಷ್ಟು ದೊಡ್ಡದು ಮಾಡಿ ಹೇಳುವುದಕ್ಕೆ ಕಾರಣವಿದೆ. ನಮ್ಮದು ನವಲಗುಂದ ಸೀಮೆಯ ಎರಿ ಊರು. ತಿರ್ಲಾಪುರದ ಕಡೆಯ ಆ ಕಪ್ಪು ಮಣ್ಣಿನಲ್ಲಿ ಆಳುದ್ದ ಅಗೆದರೂ ಮಣ್ಣೇ. ಕಲ್ಲು ಬೇಕೆಂದರೆ ಬೇರೆ ಕಡೆಯಿಂದ ಚಕ್ಕಡಿಯಲ್ಲಿ ತರಬೇಕು. ಬೀಸುವ ಕಲ್ಲು, ರುಬ್ಬುವ ಒಳಕಲ್ಲು, ಬಾವಿಯ ಮೆಟ್ಟಿಲು, ಎಲ್ಲ ಹಾಗೆ ಬಂದವುಗಳೇ. ನಾವು ಹುಡುಗರು ಹುಣಸೆಕಾಯಿ ಉದುರಿಸಲು ಒಣಗಿದ ಮಣ್ಣಿನ ಹೆಂಟೆಗಳನ್ನು ಎಸೆಯುತ್ತಿದ್ದೆವು. ನಾಯಿಗೆ ಹೊಡೆಯಲಿಕ್ಕೂ ಕಲ್ಲು ಸಿಗದ ಊರು ಅಂತ ಗುಡಗೇರಿಯಿಂದ ಬರುತ್ತಿದ್ದ ನನ್ನ ಸೋದರಮಾವ ಹಂಗಿಸುತ್ತಿದ್ದ. ಹುಬ್ಬಳ್ಳಿಯ ಕಾನ್ವೆಂಟಿಗೆ ಹೋದ ಮೊದಲ ವಾರ ನಾನು ಅಲ್ಲಿಯ ಪ್ಲೇಗ್ರೌಂಡಿನ ಜಲ್ಲಿಯನ್ನು ಜೇಬು ತುಂಬ ತುಂಬಿಕೊಂಡಿದ್ದೆ. ಸಿಸ್ಟರ್ ಜೇಬು ತಪಾಸು ಮಾಡಿ, "ವೈ ಆರ್ ಯೂ ಕಲೆಕ್ಟಿಂಗ್ ರಬ್ಬಿಶ್?" ಎಂದು ಕೇಳಿದರು. ಊರಿಗೆ ಒಯ್ಯಲಿಕ್ಕೆ ಎಂದು ಹೇಳುವಷ್ಟು ಇಂಗ್ಲಿಷು ಆಗ ನನಗೆ ಬರುತ್ತಿರಲಿಲ್ಲ.

ಮನೆ ಎಂದರೆ ಮೂರು ಖೋಲಿ, ಮೇಲೆ ಮಣ್ಣಿನ ಮಾಳಿಗೆ. ಅಡುಗೆಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬೀಳುವ ಬಿಸಿಲಿನ ಬಿಲ್ಲೆ ಬೆಳಿಗ್ಗೆ ಒಲೆಯ ಗೋಡೆಯ ಮೇಲಿದ್ದು, ಮೆಲ್ಲಗೆ ಇಳಿದು, ನೆಲ ದಾಟಿ, ಮಜ್ಜಿಗೆ ಗಡಿಗೆಯನ್ನು ಮುಟ್ಟಿದಾಗ ಊಟದ ಹೊತ್ತು. ಗಡಿಯಾರ ಪಡಸಾಲೆಯಲ್ಲಿತ್ತು, ಆದರೆ ಅಡುಗೆಮನೆ ಅದನ್ನು ಕೇಳುತ್ತಿರಲಿಲ್ಲ. ಪಡಸಾಲೆ ಅಪ್ಪನದು. ಅಪ್ಪ ಊರ ಸಾಲೆಯ ಹೆಡ್ ಮಾಸ್ತರ. ನಾನು ಸಣ್ಣವಳಿದ್ದಾಗಲೇ ಒಂದು ದಿನ ಪೂಜೆಯ ಜಗಲಿಯ ಮೇಲಿನ ದೇವರುಗಳನ್ನೆಲ್ಲ ಒಂದು ಬುಟ್ಟಿಯಲ್ಲಿ ತುಂಬಿ ಹಳ್ಳಕ್ಕೆ ಬಿಟ್ಟು ಬಂದು, ಆ ಜಾಗದಲ್ಲಿ ಕಣ್ಣು ಮುಚ್ಚಿ ಕೂತ ಬುದ್ಧನ ಪಟ ತೂಗುಹಾಕಿದ್ದ. ಅಪ್ಪನ ತಾಯಿ, ನನ್ನ ಆಯಿ, ಅದಕ್ಕೆ ಅಳಲಿಲ್ಲ, ಕೂಗಾಡಲಿಲ್ಲ. ಪಟ ನೋಡಿ, "ಚಲೋ ಮಾರಿ ಐತಿ ಅವಂದು" ಎಂದಳಂತೆ. ಅಪ್ಪ ಅಡುಗೆಮನೆಗೆ ಬಂದು ಗಡಿಗೆಯ ಮೇಲಿನ ಕಲ್ಲಿನ ಮೇಲೆ ಕಣ್ಣು ಹಾಕಿದಾಗ ಮಾತ್ರ ಅಡ್ಡ ನಿಂತಳು.

"ಅದು ದೇವರಲ್ಲಪ್ಪಾ, ಬೆಕ್ಕಿಂದು. ಮುಟ್ಟಬ್ಯಾಡ."

ಕಲ್ಲಿನ ಕಥೆಯನ್ನು ಆಯಿ ನನಗೆ ನೂರು ಸಲ ಹೇಳಿದ್ದಳು, ನೂರು ಸಲವೂ ಒಂದೇ ರೀತಿ. ಅವಳು ಈ ಮನೆಗೆ ಹೊಸ ಸೊಸೆ. ಹತ್ತಿ ಬಿಡಿಸುವ ದಿನಗಳು, ನಡು ಮಧ್ಯಾಹ್ನ, ಮೋಡದ ತುಣುಕಿಲ್ಲ. ಉಳಿದವರು ಬನ್ನಿ ಗಿಡದ ನೆರಳಿಗೆ ಬುತ್ತಿ ಬಿಚ್ಚಲು ಹೋಗಿದ್ದಾರೆ, ಸಾಲು ಮುಗಿಸಿ ಬರುತ್ತೇನೆಂದು ಇವಳೊಬ್ಬಳೇ ನಿಂತಿದ್ದಾಳೆ. ಗುಡುಗಿನಂಥ ಸದ್ದು, ಒಂದಲ್ಲ, ಮೂರು ನಾಲ್ಕು, ಒಂದರ ಬೆನ್ನಿಗೆ ಒಂದು. ಆಮೇಲೆ ಬುಸ್ ಅಂತ ಹಾವು ಉಸಿರಿದ ಹಾಗೆ. ಆಮೇಲೆ ಧಪ್ ಅಂತ ಹತ್ತಿರದಲ್ಲೇ ಏನೋ ಬಿತ್ತು. ಹೋಗಿ ನೋಡಿದರೆ ಎರಿ ಮಣ್ಣಿನಲ್ಲಿ ಗೇಣುದ್ದದ ಕುಣಿ, ಅದರಲ್ಲಿ ಈ ಕಲ್ಲು. ಕೈ ಹಾಕಿ ತೆಗೆದಳು. ಇಲ್ಲಿಗೆ ಬಂದಾಗ ಆಯಿ ಪ್ರತಿ ಸಲ ತನ್ನ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ತೋರಿಸುತ್ತಿದ್ದಳು.

"ತಣ್ಣಗಿತ್ತವಾ. ಹರವಿ ನೀರಿನ್ಹಂಗ ತಣ್ಣಗಿತ್ತು. ಬಿಸಲಾಗ ನಿಂತು ನಿಂತು ಮಾರಿ ಉರಿಯಾಕತ್ತಿತ್ತಲ್ಲ, ಗಲ್ಲಕ್ಕ ಹಚ್ಚಿಕೊಂಡ್ನಿ."

ಅತ್ತೆ ಅವಳನ್ನು ನಂಬಲಿಲ್ಲ. ಯಾರದೋ ಕಟ್ಟಡದಿಂದ ಕದ್ದು ತಂದಿದ್ದಾಳೆ ಅಂದಳು. ಗಂಡ ನಂಬಿದ. ಆಯಿಯ ಲೆಕ್ಕದಲ್ಲಿ ಅವಳ ಸಂಸಾರ ಶುರುವಾದದ್ದು ಮದುವೆಯ ದಿನ ಅಲ್ಲ, ಅವತ್ತು. ವರ್ಷಕ್ಕೊಮ್ಮೆ, ಎಳ್ಳಮಾವಾಸ್ಯೆಗೆ, ಅವಳು ಕಲ್ಲನ್ನು ಗಡಿಗೆಯ ಮೇಲಿಂದ ಇಳಿಸಿ, ತೊಳೆದು, ಉಡಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಒಯ್ಯುತ್ತಿದ್ದಳು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಐದು ಕಲ್ಲು ಇಟ್ಟು ಪಾಂಡವರೆಂದು ಸುಣ್ಣ ಹಚ್ಚಿ, ಪೈರಿಗೆ ಎಡೆಯ ಚರಗ ಚೆಲ್ಲಿ, ಬುತ್ತಿ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಕಲ್ಲಿಲ್ಲದ ಊರಿನಲ್ಲಿ ಎಲ್ಲರೂ ಐದು ಹೆಂಟೆ ಇಡುತ್ತಿದ್ದರು. ನಮ್ಮ ಹೊಲದಲ್ಲಿ ನಾಲ್ಕು ಹೆಂಟೆ, ಒಂದು ಕಲ್ಲು.

ಆ ವರ್ಷ ನಾನು ಏಳನೆಯ ಇಯತ್ತೆ. ಕ್ರಿಸ್‌ಮಸ್ ರಜೆಗೆ ಊರಿಗೆ ಬಂದಿದ್ದೆ. ಬರುವ ಮುಂಚೆ ಸಿಸ್ಟರ್ ನಮಗೆ ಮೀಟಿಯರ್ ಪಾಠ ಮುಗಿಸಿದ್ದರು. ಆಕಾಶದಿಂದ ಬರುವ ಕಲ್ಲುಗಳು ಭೂಮಿಯ ವಾತಾವರಣಕ್ಕೆ ನುಗ್ಗಿದಾಗ ಗಾಳಿಯ ಜೊತೆ ಫ್ರಿಕ್ಷನ್ ಆಗಿ ಉರಿದು ಹೋಗುತ್ತವೆ. ಆನ್ಸರ್ ಒಂದೇ ಸೆಂಟೆನ್ಸು, ಮಾರ್ಕು ಎರಡು. ಅಂಗೈಗೆ ಅಂಗೈ ತಿಕ್ಕಿ ನೋಡಿರಿ, ಬಿಸಿ ಆಗುತ್ತದಲ್ಲ, ಎಕ್ಸಾಕ್ಟ್ಲಿ ಹಾಗೆ ಎಂದಿದ್ದರು. ಇಡೀ ಕ್ಲಾಸು ಚಟಚಟ ಅಂಗೈ ತಿಕ್ಕಿತ್ತು. ನಾನು ಆ ಸೆಂಟೆನ್ಸನ್ನು ಬಸ್ಸಿನುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಯಾಕೆಂದರೆ ರಜೆಯಲ್ಲಿ ನಾನು ಮನೆಗೆ ಬರುವುದೆಂದರೆ ಅಪ್ಪನಿಗೆ ಮಗಳು ಬಂದಂತಲ್ಲ, ಪ್ರಗತಿ ಪತ್ರ ಬಂದಂತೆ. ಯಾರೇ ಪಡಸಾಲೆಗೆ ಬಂದರೂ, "ಸುಜಾತಾ, ಏನರ ಇಂಗ್ಲಿಷಿನ್ಯಾಗ ಹೇಳು" ಎನ್ನುತ್ತಿದ್ದ. ಹೇಳಲಿಕ್ಕೆ ಏನಾದರೂ ಸ್ಟಾಕ್ ಇಟ್ಟುಕೊಳ್ಳಬೇಕಿತ್ತು.

ಎಳ್ಳಮಾವಾಸ್ಯೆಗೆ ಅಪ್ಪ ಸಾಲೆಯ ಇನ್ಸ್‌ಪೆಕ್ಟರ್ ಸಾಹೇಬರನ್ನು ಹೊಲಕ್ಕೆ ಊಟಕ್ಕೆ ಕರೆದಿದ್ದ. ಸಾಲೆಗೆ ಒಂದು ಹೊಸ ಖೋಲಿ ಮಂಜೂರಾಗಿತ್ತು, ಅದರ ಸಂತೋಷಕ್ಕೆ. ದೇವರು ಬಿಟ್ಟ ಮನುಷ್ಯ ಪಾಂಡವರ ಮುಂದೆ ಸಾಹೇಬರನ್ನು ಕೂಡಿಸಬೇಕಾಯಿತು ಎಂದು ಅಪ್ಪನಿಗೆ ಮೊದಲೇ ಮುಜುಗರ. ಅವ್ವ ಮತ್ತು ಆಯಿ ಎರಡು ದಿನದಿಂದ ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಎಣಗಾಯಿ ಎಂದು ಒಲೆ ಆರಗೊಟ್ಟಿರಲಿಲ್ಲ. ಜೋಳ ಎದೆಮಟ ಬೆಳೆದಿತ್ತು, ಕಡಲೆ ಗಿಡದ ಹುಳಿ ವಾಸನೆ, ಚಕ್ಕಡಿಯ ನೆರಳಿನಲ್ಲಿ ಕಂಬಳಿ ಹಾಸಿ ಸಾಹೇಬರು, ಅಪ್ಪ, ಬಾಜು ಹೊಲದ ಇಬ್ಬರು ಕೂತಿದ್ದರು. ಸಾಹೇಬರು ಒಳ್ಳೆಯವರು. ಹೋಳಿಗೆ ಮುರಿಯುತ್ತ ಪಾಂಡವರ ಕಡೆ ನೋಡಿದರು.

"ಮಾಸ್ತರ, ನಾಕು ಮಂದಿ ಮಣ್ಣಿನವರು, ಒಬ್ಬಾಂವ ಅಷ್ಟ ಯಾಕ್ರಿ ಕಲ್ಲಿನಾಂವ?"

"ನಮ್ಮವ್ವಂದು ಅದೇನೋ ಐತ್ರಿ. ಬಿಡ್ರಿ, ನೀವು ಊಟ ಮಾಡ್ರಿ."

"ಅಂವ ಭೀಮರೀ ಸಾಹೇಬ್ರ," ಎಂದಳು ಆಯಿ, ಬುಟ್ಟಿಯಿಂದ ತಲೆ ಎತ್ತದೆ. "ಮ್ಯಾಲಿಂದ ಬಂದಾಂವ."

"ಮ್ಯಾಲಿಂದ ಅಂದ್ರ?"

"ಮ್ಯಾಲಿಂದ ಅಂದ್ರ ಮ್ಯಾಲಿಂದ. ಇಲ್ಲೇ ಬಿತ್ತು, ನೀವು ಕುಂತೀರಲ್ಲ, ಅದರ ಬಾಜೂಕ."

ಸಾಹೇಬರು ಕಂಬಳಿಯ ಮೇಲೆ ಸ್ವಲ್ಪ ಸರಿದು ಕೂತರು. ಎಲ್ಲರೂ ನಕ್ಕರು. ಆಯಿ ಕಥೆ ಹೇಳಿದಳು, ಅದೇ ರೀತಿ, ಅದೇ ಗುಡುಗು, ಅದೇ ಹಾವಿನ ಉಸಿರು. ಬೊಗಸೆ ಮಾಡಿ, "ತಣ್ಣಗಿತ್ರಿ" ಎಂದಾಗ ಸಾಹೇಬರು ಅಪ್ಪನ ಮುಖ ನೋಡಿದರು. ಅಪ್ಪ ನನ್ನ ಮುಖ ನೋಡಿದ.

"ಸುಜಾತಾ, ನಿಂದ್ರು. ನಿಮ್ಮ ಬುಕ್ಕಿನ್ಯಾಗ ಏನೈತಿ, ಸಾಹೇಬ್ರಿಗೆ ಹೇಳು. ಇಂಗ್ಲಿಷಿನ್ಯಾಗ ಹೇಳು."

ನಾನು ಎದ್ದು ನಿಂತೆ. ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಕೈ ಹಿಂದೆ ಕಟ್ಟಿ, "ವೆನ್ ಎ ಮೀಟಿಯರ್ ಎಂಟರ್ಸ್ ದಿ ಅಟ್ಮಾಸ್ಫಿಯರ್, ಇಟ್ ಬರ್ನ್ಸ್ ಅಪ್ ಬಿಕಾಸ್ ಆಫ್ ಫ್ರಿಕ್ಷನ್ ವಿತ್ ದಿ ಏರ್" ಎಂದೆ. ಸಾಹೇಬರು ವೆರಿ ಗುಡ್ ಅಂದರು. ಆಯಿ ಮಾತ್ರ ನಾನು ಏನಂದೆ ಎಂದು ಕೇಳಿದಳು. ಕನ್ನಡದಲ್ಲಿ ಹೇಳಿದೆ. ಗಾಳಿಗೆ ತಿಕ್ಕಿ ತಿಕ್ಕಿ ಉರಿಯುತ್ತದೆ ಅಂದೆ. ಅಂಗೈ ತಿಕ್ಕಿ ತೋರಿಸಿದೆ.

"ಇದು ಅಂಗೈಗೆ ಅಂಗೈ ತಿಕ್ಕಿದ್ದು. ಗಾಳಿಗೆ ತಿಕ್ಕಿ ತೋರಸು."

ನಾನು ಪೆದ್ದಿಯ ಹಾಗೆ ಕೈಯನ್ನು ಗಾಳಿಯಲ್ಲಿ ಬೀಸಿದೆ.

"ಬಿಸಿ ಆತೇನು?"

"ಇಲ್ಲ."

"ತಂಪ ಆತಿಲ್ಲೊ? ಚಾ ಬಿಸಿ ಇದ್ದರ ಊದಿ ಆರಸ್ತೀವಿ. ಬೆವತರ ಬೀಸಣಿಕಿ ಬೀಸ್ಕೋತೀವಿ. ಗಾಳಿ ತಂಪ ಮಾಡತೈತವಾ, ಸುಡೂದು ಎಲ್ಲಿ ನೋಡೀ ನೀ?"

ಬಾಜು ಹೊಲದವರು ಜೋರಾಗಿ ನಕ್ಕರು. ಸಾಹೇಬರೂ ನಕ್ಕರು. "ಏನ್ರೀ ಮಾಸ್ತರ, ಮುದಕಿ ಕಾನ್ವೆಂಟಿನ್ನ ಕೆಡವಿದಳಲ್ರಿ" ಅಂದರು ಬಾಜು ಹೊಲದವರಲ್ಲಿ ಒಬ್ಬರು. ಆ ನಗು ನನ್ನ ಮೇಲಿನದು. ಇಂಗ್ಲಿಷು ಕಲಿತ ನನ್ನನ್ನು, ಒಂದು ಅಕ್ಷರ ಬಾರದ ಆಯಿ ಹೋಳಿಗೆ ಬುಟ್ಟಿಯ ಮುಂದೆ ಕೂತಲ್ಲಿಂದಲೇ ಕೂಡಿಸಿಬಿಟ್ಟಿದ್ದಳು. ಅವಳ ಪ್ರಶ್ನೆಗೆ ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು ನಾನು ನನ್ನ ಹತ್ತಿರ ಇದ್ದ ಇನ್ನೊಂದನ್ನು ಎತ್ತಿಕೊಂಡೆ.

"ಆಯಿ ಸುಳ್ಳ ಹೇಳತಾಳ್ರಿ ಸರ್. ಮ್ಯಾಲಿಂದ ಬಂದಿದ್ದರ ಬೆಂಕಿ ಆಗಿ ಬರತಿತ್ತು. ಕೈ ಸುಡತಿತ್ತು. ಸುಡಲಿಲ್ಲ ಅಂದ್ರ ಅದು ಆಕಾಶದ ಕಲ್ಲs ಅಲ್ಲ."

ಲಾಜಿಕ್ ಎಷ್ಟು ಚೊಕ್ಕವಾಗಿತ್ತೆಂದರೆ ಸಾಹೇಬರು ನಗು ನಿಲ್ಲಿಸಿ ತಲೆಯಾಡಿಸಿದರು. ಅಪ್ಪನ ಮುಖ ಅರಳಿತು. ಯಾರದೋ ಚಕ್ಕಡಿಯಿಂದ ಬಿದ್ದದ್ದಿರಬೇಕು, ನಮ್ಮವ್ವ ಮೊದಲಿಂದಲೂ ಹಿಂಗs, ಎಂದು ಶುರುಮಾಡಿದ. ಆಯಿಯ ಬೊಗಸೆ ಹಾಗೇ ತೆರೆದಿತ್ತು. ಅದನ್ನು ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ಮತ್ತೆ ಬುಟ್ಟಿಗೆ ಕೈ ಹಾಕಿದಳು. ಎಲ್ಲರಿಗೂ ಹೋಳಿಗೆ ನೀಡುತ್ತ ನನ್ನ ಹತ್ತಿರ ಬಂದಳು.

"ಅಕ್ಕೋರ, ಇನ್ನೊಂದ ಹಾಕಲೇನ್ರಿ?"

ಅಕ್ಕೋರು ಎಂದರೆ ಸಾಲೆಯ ಹೆಣ್ಣು ಮಾಸ್ತರರನ್ನು ಕರೆಯುವ ಹೆಸರು. ಆಯಿ ಅದನ್ನು ಹಂಗಿಸುವ ದನಿಯಲ್ಲಿ ಅನ್ನಲಿಲ್ಲ. ಅದೇ ತೊಂದರೆ. ಹಂಗಿಸಿದ್ದರೆ ನಾನು ಅತ್ತು ಜಗಳ ಮಾಡಿ ಮುಗಿಸುತ್ತಿದ್ದೆ.

ರಜೆ ಮುಗಿಯಲು ಇನ್ನೂ ನಾಲ್ಕು ದಿನ ಇತ್ತು. ಸಾಲೆಯ ಹೊಸ ಖೋಲಿಗೆ ಪಾಯ ತೆಗೆದಿದ್ದರು. ಎರಿ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಪಾಯ ಆಳಕ್ಕೆ ಹೋಗಬೇಕು, ತುಂಬಲು ಬಹಳ ಕಲ್ಲು ಬೇಕು. ಮಂಜೂರಾದ ಕಲ್ಲು ಅರ್ಧಕ್ಕೇ ಮುಗಿದಿತ್ತು. ಆದ್ದರಿಂದ ಊರ ಪದ್ಧತಿಯಂತೆ ಮನೆಗಿಷ್ಟು ಕಲ್ಲು ಎತ್ತುವುದೆಂದಾಯಿತು. ಅಪ್ಪ ಚಕ್ಕಡಿ ಹೂಡಿಸಿಕೊಂಡು ಓಣಿ ಓಣಿ ತಿರುಗಿದ. ಜನ ಮನೆಯಲ್ಲಿದ್ದ ಒಡಕು ಕಲ್ಲನ್ನೆಲ್ಲ ತಂದು ಹಾಕಿದರು. ಅರ್ಧ ಬೀಸುವ ಕಲ್ಲು, ಕಿವಿ ಹೋದ ಒಳಕಲ್ಲು, ಬಿದ್ದ ಮನೆಯ ಹೊಸ್ತಿಲು. ನಮ್ಮ ಓಣಿಗೆ ಬಂದಾಗ ಎದುರು ಮನೆಯ ಗಂಗವ್ವ ತನ್ನ ಕಲ್ಲು ಹಾಕಿ, ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಎಲ್ಲಾರ್ದೂ ತಗೊಂಡ್ರಿ ಮಾಸ್ತರ. ನಿಮ್ಮನಿ ಕಲ್ಲು ಎಲ್ಲೈತ್ರಿ?"

ಅಪ್ಪ ನಗಲು ನೋಡಿದ. ನಮ್ಮ ಮನೆಯಲ್ಲಿ ಬೀಸುವ ಕಲ್ಲು, ಒಳಕಲ್ಲು ಎರಡೂ ಗಟ್ಟಿಯಾಗಿದ್ದವು, ದಿನಾ ಬೇಕಾದವು. ಇನ್ನೇನು ಹೇಳುತ್ತಿದ್ದನೋ, ಅಷ್ಟರಲ್ಲಿ ಆಯಿ ಒಳಗಿನಿಂದ ಬಂದಳು. ಉಡಿಯಲ್ಲಿ ಕಲ್ಲಿತ್ತು.

"ಇದನ್ನ ಹಾಕು."

"ಯವ್ವಾ, ಇರ್ಲಿ ಬಿಡಬೇ. ನಾ ಬ್ಯಾರೆ ನೋಡತೇನಿ."

"ಬ್ಯಾರೆ ಯಾಕ? ಸುಳ್ಳಿನ ಕಲ್ಲು. ಭರ್ತಿಗರ ಆಗ್ಲಿ."

ಅವಳು ಅದನ್ನು ಅಪ್ಪನ ಕೈಗೆ ಕೊಡಲಿಲ್ಲ, ತಾನೇ ಚಕ್ಕಡಿಯಲ್ಲಿ ಇಟ್ಟಳು, ಎಸೆಯಲಿಲ್ಲ. ನಾನು ಕಟ್ಟೆಯ ಮೇಲೆ ನಿಂತಿದ್ದೆ. ಬೇಡ ಆಯಿ ಎಂದು ಒಂದು ಮಾತು ಅನ್ನಬಹುದಿತ್ತು. ನನಗಾಗಿಯೇ ಅವಳು ಒಂದು ಕ್ಷಣ ತಡೆದಳು ಎಂದು ಈಗಲೂ ನನಗೆ ಅನ್ನಿಸುತ್ತದೆ. ನನ್ನ ಕಡೆ ನೋಡಿದ್ದಂತೂ ನಿಜ. ಹಾಗೆ ಅಂದುಬಿಟ್ಟರೆ ನಾನು ಹೊಲದಲ್ಲಿ ಹೇಳಿದ್ದು ತಪ್ಪೆಂದು ಒಪ್ಪಿದ ಹಾಗಾಗುತ್ತದೆ. ನನ್ನ ಬುಕ್ಕಿನಲ್ಲಿ ಬರೆದದ್ದು ತಪ್ಪಾಗುವುದು ಹೇಗೆ? ಚಕ್ಕಡಿಯ ಹಿಂದೆ ಸಾಲೆಯತನಕ ಹೋದೆ. ಪಾಯ ಕಟ್ಟುವ ಗೌಂಡಿ ಕಲ್ಲನ್ನು ಎತ್ತಿ, ಎಲ್ಲರ ಹಾಗೆ ಮಣಿಕಟ್ಟು ಜಗ್ಗಿ, ಎರಡನೆಯ ಕೈ ಹಚ್ಚಿದ. ಆ ಸಲ ನನಗೆ ನಗು ಬರಲಿಲ್ಲ.

"ಇದೇನ್ರಿ ಮಾಸ್ತರ, ಕಬ್ಬಿಣ ಇದ್ದಂಗೈತಿ. ಮೂಲಿಗೆ ಹಾಕತೇನಿ, ಚಲೋ ಕುಂಡ್ರತೈತಿ."

ಮೂಡಣ ಮೂಲೆಗೆ ಹಾಕಿದ. ಮೇಲೆ ಗರಸು ಮಣ್ಣು ಸುರಿದ, ನೀರು ಹೊಡೆದ, ದಿಮ್ಮಸು ಬಡಿದು ಗಟ್ಟಿ ಮಾಡಿದ.

ಹುಬ್ಬಳ್ಳಿಗೆ ಮರಳಿದ ಮೇಲೆ ಆಯಿಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಸಿ ಹಾಲಿನ ಗ್ಲಾಸು ಊದುವಾಗೆಲ್ಲ ಬರುತ್ತಿತ್ತು. ಕೊನೆಗೆ ಕ್ಲಾಸಿನಲ್ಲಿ ಎದ್ದು ನಿಂತು, ಸಿಸ್ಟರ್, ಗಾಳಿ ಬೀಸಿದರೆ ತಂಪಾಗುತ್ತದಲ್ಲ, ಮತ್ತೆ ಕಲ್ಲು ಯಾಕೆ ಉರಿಯುತ್ತದೆ ಎಂದು ಕೇಳಿದೆ. ಸಿಸ್ಟರ್ ಪುಸ್ತಕ ನೋಡಿದರು, ನನ್ನನ್ನು ನೋಡಿದರು. "ಇಟ್ ಈಸ್ ಔಟ್ ಆಫ್ ಸಿಲಬಸ್, ಸುಜಾತಾ. ಸಿಟ್ ಡೌನ್." ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೂ ಯಾರೋ ಹಾಗೇ ಸಿಟ್ ಡೌನ್ ಅಂದಿರಬೇಕು. ಆದರೆ ನಾನು ಕೂತೆನಲ್ಲ, ಆ ಬೆಂಚಿನ ಮೇಲೆ, ಅದೇ ಕ್ಷಣ ನನಗೆ ನನ್ನ ಚೊಕ್ಕ ಲಾಜಿಕ್ಕಿನ ಮೇಲೆ ಮೊದಲ ಸಲ ಸಂಶಯ ಬಂತು. ಸಂಶಯ ಬಂದಾಗ ಕಲ್ಲು ಪಾಯದೊಳಗೆ, ನಾನು ನಲವತ್ತು ಮೈಲು ದೂರ.

ಉತ್ತರ ಸಿಕ್ಕಿದ್ದು ಧಾರವಾಡದಲ್ಲಿ ಪಿಯುಸಿ ಓದುವಾಗ. ಅಲ್ಲಿಯ ಫಿಸಿಕ್ಸ್ ಲೆಕ್ಚರರ್ ಒಂದು ದಿನ ಕ್ಲಾಸಿಗೆ ಸೈಕಲ್ ಪಂಪು ಹಿಡಿದುಕೊಂಡು ಬಂದರು. ಪಂಪಿನ ತುದಿಯನ್ನು ಬೆರಳಿನಿಂದ ಮುಚ್ಚಿ ಹಿಡಿಕೆ ಒತ್ತಲು ಹೇಳಿದರು. ಹತ್ತು ಸಲ ಒತ್ತುವಷ್ಟರಲ್ಲಿ ಕೊಳವೆಯ ತಳ ಬಿಸಿಯಾಯಿತು. ಇದು ತಿಕ್ಕಿದ್ದರಿಂದ ಅಲ್ಲ, ಗಾಳಿಯನ್ನು ಒತ್ತಿ ಹಿಡಿದದ್ದರಿಂದ ಅಂದರು. ಮೆಲ್ಲಗೆ ಬೀಸುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಇರುತ್ತದೆ, ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ, ತಂಪು ಮಾಡುತ್ತದೆ. ಆದರೆ ಕಣ್ಣೆವೆ ಇಕ್ಕುವುದರೊಳಗೆ ಹರದಾರಿಗಟ್ಟಲೆ ಹಾರಿಬರುವ ಕಲ್ಲಿನ ಮುಂದೆ ಗಾಳಿಗೆ ಸರಿಯಲು ಜಾಗವೇ ಸಿಗುವುದಿಲ್ಲ. ಸಂತೆಯ ದಿನ ನವಲಗುಂದದ ಬಸ್ಸಿನ ಬಾಗಿಲಲ್ಲಿ ಹಿಂದಿನವರು ದಬ್ಬಿ ಮುಂದಿನವರು ಹೋಗಲಾರದೆ ಒತ್ತಿಕೊಂಡು ನಿಂತಿರುತ್ತಾರಲ್ಲ, ಹಾಗೆ ಒತ್ತಿಕೊಂಡ ಗಾಳಿಯೇ ಕುಲುಮೆಯ ಹಾಗೆ ಕಾದು, ಕಲ್ಲಿನ ಮೈಯನ್ನು ಕರಗಿಸುತ್ತದೆ. ಕರಗಿದ್ದನ್ನು ಗಾಳಿಯೇ ಕಿತ್ತು ಒಯ್ಯುತ್ತದೆ, ಅದರ ಜೊತೆ ಬಿಸಿಯನ್ನೂ. ಸಣ್ಣ ಕಲ್ಲುಗಳು ಹಾಗೇ ಪೂರ್ತಿ ಮುಗಿದು ಹೋಗುತ್ತವೆ. ಸ್ವಲ್ಪ ದೊಡ್ಡವು ಉಳಿದರೆ, ಇದೆಲ್ಲ ನಡೆಯುವುದು ಕೆಲವೇ ಸೆಕೆಂಡು, ಒಳಗೆ ಬಿಸಿ ಇಳಿಯಲು ಹೊತ್ತೇ ಸಾಲದು. ಆಮೇಲೆ ವೇಗ ಸತ್ತು, ಮೇಲಿನ ತಣ್ಣನೆಯ ಗಾಳಿಯಲ್ಲಿ ಸಾದಾ ಕಲ್ಲಿನ ಹಾಗೆ ಕೆಳಗೆ ಬೀಳುತ್ತವೆ. ನಾನು ಕೈ ಎತ್ತಿ, ಸರ್, ಬಿದ್ದ ಕೂಡಲೇ ಮುಟ್ಟಿದರೆ ಕೈ ಸುಡುತ್ತದೇನು ಎಂದು ಕೇಳಿದೆ. ಬಹಳ ಸಲ ಸುಡುವುದಿಲ್ಲ, ತಣ್ಣಗೇ ಇರಬಹುದು ಅಂದರು. ಇಡೀ ಕ್ಲಾಸು ನೋಟ್ಸು ಬರೆಯುತ್ತಿತ್ತು. ನನಗೆ ಅಲ್ಲಿ ಕೂಡುವುದು ಆಗಲಿಲ್ಲ.

ಆ ಮೂಡಣ ಮೂಲೆಯನ್ನು ಅಗೆಸಲು ನಾನು ಮುಂದೆ ಮಾಡದ ಪ್ರಯತ್ನವಿಲ್ಲ. ಆ ಖೋಲಿಯ ಮೇಲೆ ಇನ್ನೊಂದು ಖೋಲಿ ಎದ್ದಿತು, ಪಾಯ ಮುಟ್ಟಿದರೆ ಎರಡೂ ಬಿರಿಯುತ್ತವೆ ಅಂದರು. ಇಂಥ ಕಲ್ಲುಗಳನ್ನು ಪರೀಕ್ಷಿಸುವವರಿಗೆ ಪತ್ರ ಬರೆದೆ. ದಯವಿಟ್ಟು ಸ್ಯಾಂಪಲ್ ಕಳಿಸಿ ಎಂದು ಒಂದು ಸಾಲಿನ ಉತ್ತರ ಬಂತು. ಮೊನ್ನೆ ಮೊನ್ನೆ ಆ ಸಾಲೆಗೆ ಹೋದಾಗ ಅದೇ ಖೋಲಿಯಲ್ಲಿ ಅದೇ ಪಾಠ ನಡೆದಿತ್ತು. ಮಕ್ಕಳು ಚಟಚಟ ಅಂಗೈ ತಿಕ್ಕುತ್ತಿದ್ದರು. ಕಿಟಕಿಯಲ್ಲಿ ನಿಂತು ನನಗೆ ಎಷ್ಟು ಅಸಹನೆಯಾಯಿತೆಂದರೆ, ಒಳಗೆ ನುಗ್ಗಿ ನಿಮ್ಮ ಕಾಲ ಕೆಳಗೆ ನೋಡಿರಿ ಎಂದು ಕೂಗಬೇಕೆನಿಸಿತು. ಕೂಗಲಿಲ್ಲ. ಕೂಗುವ ಹಕ್ಕು ನನ್ನದಲ್ಲ.

ಅದೆಲ್ಲ ಆಮೇಲಿನದು. ಪಂಪಿನ ಕ್ಲಾಸು ಮುಗಿದ ಶನಿವಾರವೇ ನಾನು ಊರಿಗೆ ಹೋದೆ. ಬಿಸಿಲಿನ ಬಿಲ್ಲೆ ಇನ್ನೂ ಗೋಡೆಯ ಮೇಲಿತ್ತು. ಆಯಿ ರೊಟ್ಟಿ ಬಡಿಯುತ್ತಿದ್ದಳು, ಕಣ್ಣು ಅಷ್ಟು ಕಾಣುತ್ತಿರಲಿಲ್ಲ, ಕೈಗೆ ಕಣ್ಣು ಬೇಕಿರಲಿಲ್ಲ. ನಾನು ಅಪ್ಪನ ಸೈಕಲ್ಲಿನ ಪಂಪು ತಂದು ಅವಳ ಮುಂದೆ ಕೂತೆ. ಅವಳ ಬೆರಳನ್ನು ಪಂಪಿನ ತಳಕ್ಕೆ ಹಚ್ಚಿ ಒತ್ತಿದೆ, ಒತ್ತಿದೆ.

"ಹಾಂ, ಬಿಸಿ ಆತು. ಇದೇನ್ ಇದು?"

ಎಲ್ಲ ಹೇಳಿದೆ. ಗಾಳಿ, ಬಸ್ಸಿನ ಬಾಗಿಲು, ಕರಗುವ ಸಿಪ್ಪೆ, ತಣ್ಣನೆಯ ಒಳಗು. ಹೇಳುತ್ತಿರುವಾಗ ಹಂಚು ಕಾದು ಒಂದು ರೊಟ್ಟಿ ಹೊತ್ತಿತು. ಆಯಿ ಅದನ್ನು ಇಳಿಸಿ ಮುರಿದಳು. ಮೇಲೆ ಕರ್ರಗೆ ಸುಟ್ಟಿತ್ತು, ಒಳಗೆ ಹಸಿ ಹಿಟ್ಟು.

"ಹಿಂಗ?"

"ಹಿಂಗs ಆಯಿ. ಅಗದಿ ಹಿಂಗ."

"ಇಷ್ಟಕ್ಕ ಧಾರವಾಡಕ್ಕ ಹೋಗಬೇಕಾತಾ?"

ಪಡಸಾಲೆಯಿಂದ ಅಪ್ಪನ ದನಿ ಬಂತು. "ಸುಜಾತಾ, ಪರೀಕ್ಷಾದಾಗ ಫ್ರಿಕ್ಷನ್ ಅಂತನ ಬರಿಯವಾ. ಸುಮ್ನ ಮಾರ್ಕ್ಸ್ ಹೋಗ್ತಾವು."

ನಾನು ಪಂಪನ್ನು ಕೆಳಗಿಟ್ಟೆ. ಆಯಿಯ ಮುಖವನ್ನೇ ನೋಡಿದೆ. ಬಸ್ಸಿನುದ್ದಕ್ಕೂ ಈ ಸೆಂಟೆನ್ಸನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ.

"ಹಂಗಾರ ಅವತ್ತ ನೀ ಹೇಳಿದ್ದು ಖರೆ ಇತ್ತು, ಆಯಿ. ನಾ ಅಂದದ್ದು ತಪ್ಪು."

ಅವಳು ಸುಟ್ಟ ರೊಟ್ಟಿಯನ್ನು ನಾಯಿಗೆಂದು ಬದಿಗೆ ಇಟ್ಟಳು. ಹಿಟ್ಟಿಗೆ ನೀರು ಹಾಕಿ ನಾದಿದಳು.

"ನಿನ್ನ ಪುಸ್ತಕ ಹೂಂ ಅಂದ ಮ್ಯಾಲೆ ಖರೆ ಆತೇನು? ಅವತ್ತ ನನ್ನ ಕೈ ಸುಳ್ಳಾಗಿತ್ತೇನು?"

ಮೂಲೆಯಲ್ಲಿ ಸದ್ದಾಯಿತು. ಬೆಕ್ಕು ಮಜ್ಜಿಗೆ ಗಡಿಗೆಯ ಮುಚ್ಚಳ ಉರುಳಿಸಿ ಓಡಿತು. ಮುಚ್ಚಳದ ಮೇಲೆ ಇಟ್ಟಿದ್ದ ಅರ್ಧ ಇಟ್ಟಿಗೆ ನೆಲದ ಮೇಲೆ ಎರಡು ತುಂಡಾಗಿ ಬಿದ್ದಿತ್ತು.

"ಇಟ್ಟಂಗಿ ಹಗರ ಐತಿ," ಎಂದಳು ಆಯಿ, ತಿರುಗಿಯೂ ನೋಡದೆ. "ನಾಕ ವರ್ಷ ಆತು, ದಿನಾ ಕೆಡವತೈತಿ. ನಿನ್ನ ಗಾಳಿ ವಿಷಯ ಇರ್ಲಿ. ಹೋಗು, ಎಲ್ಲೆರ ಒಂದು ಜಡಾನ ಕಲ್ಲು ನೋಡಿ ತಗೊಂಬಾ."

ನಾನು ಎದ್ದು ಹೋದೆ. ಓಣಿ ಓಣಿ ತಿರುಗಿದೆ. ಗಂಗವ್ವನನ್ನು ಕೇಳಿದೆ, ಇದ್ದದ್ದೆಲ್ಲ ನಿಮ್ಮಪ್ಪ ಸಾಲಿಗೆ ಒಯ್ದನಲ್ಲವಾ ಅಂದಳು. ಹಳ್ಳದ ದಂಡೆ, ಕೆರೆಯ ಏರಿ, ಬಾವಿಯ ಸುತ್ತ ಹುಡುಕಿದೆ. ಊರ ಹೊರಗೆ ಕಣ್ಣು ಹಾಯುವತನಕ ಕರಿ ಮಣ್ಣು ಬಿರಿದು ಬಿದ್ದಿತ್ತು. ಹೊತ್ತು ಇಳಿಯುವಾಗ ಬರಿಗೈಯಲ್ಲಿ ಮನೆಗೆ ಬಂದೆ. ಆಯಿ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಕಿರಿದು ಮಾಡಿ ನನ್ನ ಎರಡೂ ಕೈ ನೋಡಿದಳು.